ಕಾರ್ಡ್ ಇದೆ, ಕರೆದೊಯ್ಯುವವರು ಯಾರು?

ಕೊಡಗಿನ ಗೋಣಿಕೊಪ್ಪಲಿನ ಓದುಗರೊಬ್ಬರು ಬರೆದಿದ್ದಾರೆ: "ಮಾಜಿ ಸೈನಿಕರೆಂದರೆ ನಿಮಗೆ ಯಾವಾಗಲೂ ಮರುಕ. ಅವರಿಗೆ ಪಿಂಚಣಿ ಇದೆ, ಮಿಲಿಟರಿ ಕ್ಯಾಂಟೀನ್ ಇದೆ, ಉಚಿತ ಚಿಕಿತ್ಸೆ ಇದೆ. ತೋಟದಲ್ಲಿ ದುಡಿದು ಮುದುಕನಾದ ನನ್ನ ಅಪ್ಪನಿಗೆ ಏನಿದೆ?"

ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ತೋಟದಲ್ಲಿ ಬೆನ್ನು ಬಗ್ಗಿಸಿದವರಿಗೂ ವಯಸ್ಸಾದ ಮೇಲೆ ಆಸರೆ ಬೇಕು. ಆದರೆ ಅವರಿಗಿಲ್ಲ ಎಂದು ಮಾಜಿ ಸೈನಿಕರಿಗೆ ಎಲ್ಲಾ ಇದೆ ಅಂದುಕೊಳ್ಳಬೇಡಿ.

ಸೌಲಭ್ಯಗಳು ಇರುವುದು ನಿಜ. 2003ರಲ್ಲಿ ಶುರುವಾದ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್‌ನಲ್ಲಿ ಪಿಂಚಣಿ ಪಡೆಯುವ ಮಾಜಿ ಸೈನಿಕರಿಗೂ ಅವರ ಹೆಂಡತಿಗೂ ಕೈಯಿಂದ ದುಡ್ಡು ಕೊಡದೆ ಚಿಕಿತ್ಸೆ ಸಿಗುತ್ತದೆ. ವಯಸ್ಸು 80 ದಾಟಿದರೆ ಮೂಲ ಪಿಂಚಣಿಯ ಮೇಲೆ ಶೇ 20 ಜಾಸ್ತಿ ಬರುತ್ತದೆ. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆದರೆ ಎಡೆಬಿಡದ ಮಳೆಯಲ್ಲಿ, ತೋಟದೊಳಗಿನ ಒಂಟಿ ಮನೆಯಿಂದ, ಮಂಡಿ ಸವೆದ ಮುದುಕರೊಬ್ಬರು ಮಡಿಕೇರಿಯಲ್ಲಿರುವ ಆ ಯೋಜನೆಯ ಪಾಲಿಕ್ಲಿನಿಕ್‌ಗೆ ಹೋಗುವುದು ಹೇಗೆ? ಮಕ್ಕಳು ಬೆಂಗಳೂರಿನಲ್ಲಿ. ದೊಡ್ಡ ಕಾಯಿಲೆಯಾದರೆ ಇನ್ನೊಂದು ಆಸ್ಪತ್ರೆಗೆ ಅಲೆಯಬೇಕು. ಬಾಕಿ ಬಿಲ್ ಬಂದಿಲ್ಲ ಎಂದು ಖಾಸಗಿ ಆಸ್ಪತ್ರೆಗಳು ತಕರಾರು ತೆಗೆದ ಸುದ್ದಿ ನೀವೂ ಓದಿರುತ್ತೀರಿ.

ನಮ್ಮ ಬೀದಿಯಲ್ಲಿ ಒಬ್ಬ ಹವಾಲ್ದಾರರಿದ್ದರು. ಆರ್ಟಿಲರಿ ಅಂದರೆ ಫಿರಂಗಿ ದಳದವರು, 1971ರ ಯುದ್ಧ ಕಂಡವರು. "ಕರೆದರೆ ತಿರುಗಿಯೂ ನೋಡಲ್ಲ, ಮಿಲಿಟರಿ ಗತ್ತು" ಎಂದು ಮನೆಯವರೇ ಬೈಯುತ್ತಿದ್ದರು. ಕಿವಿ ಹೋಗಿತ್ತು, ಅಷ್ಟೇ. ವರ್ಷಗಟ್ಟಲೆ ಫಿರಂಗಿಯ ಪಕ್ಕ ನಿಂತವರ ಕಿವಿ ಏನಾಗಬೇಕು ಹೇಳಿ. ಶ್ರವಣ ಸಾಧನ ಕೂಡ ಆ ಯೋಜನೆಯಲ್ಲೇ ಸಿಗುತ್ತದೆ. ಯೋಜನೆಯ ಕಾರ್ಡ್ ಟ್ರಂಕಿನಲ್ಲಿ ಭದ್ರವಾಗಿತ್ತು. ಕೇಳಿಸುತ್ತಿಲ್ಲ ಅಂತ ಹೇಳಿಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ. ನೋವು ನುಂಗುವುದನ್ನು ಇಪ್ಪತ್ತರ ಹರೆಯದಲ್ಲೇ ಕಲಿಸಿರುತ್ತಾರೆ. ಎಪ್ಪತ್ತೈದಕ್ಕೆ ಅದನ್ನು ಮರೆಯಿರಿ ಎಂದರೆ ಆಗುತ್ತಾ? ಕೇಳಿಸದವರು ಮಾತು ಬಿಡುತ್ತಾರೆ, ಮಾತು ಬಿಟ್ಟವರು ಒಂಟಿಯಾಗುತ್ತಾರೆ. ಕೆಲವರು ಸಂಜೆ ಕ್ಯಾಂಟೀನಿನ ಮದ್ಯದ ಬಾಟಲಿಯನ್ನೇ ಜೊತೆಗಾರ ಮಾಡಿಕೊಳ್ಳುತ್ತಾರೆ. ಇದಕ್ಕೆ ಯಾವ ಕಾರ್ಡಿನಲ್ಲಿ ಔಷಧ ಬರೆದಿದೆ?

ಇನ್ನು, ಎಲ್ಲರಿಗೂ ಪಿಂಚಣಿ ಇದೆ ಎಂದಿರಲ್ಲ, ಅದು ಸರಿಯಲ್ಲ. 15 ವರ್ಷ ತುಂಬುವ ಮೊದಲೇ ಸೇನೆಯಿಂದ ಹೊರಬಂದ ಸೈನಿಕರಿಗೆ ಸಾಮಾನ್ಯವಾಗಿ ಪಿಂಚಣಿ ಇಲ್ಲ. ಅಂಥ ಬಡವರಿಗೆ 65 ದಾಟಿದ ಮೇಲೆ ಕೇಂದ್ರೀಯ ಸೈನಿಕ ಮಂಡಳಿಯಿಂದ ತಿಂಗಳ ನೆರವು ಉಂಟು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಅರ್ಜಿ ಹಾಕಬೇಕು. ಇದು ಗೊತ್ತಿರುವವರು ಎಷ್ಟು ಜನ? ನೀವು ಓದು ಬರಹ ಚೆನ್ನಾಗಿ ಬಲ್ಲವರು, ಪತ್ರದಲ್ಲೇ ಗೊತ್ತಾಗುತ್ತದೆ. ಪಕ್ಕದ ಮನೆಯವರಿಗೆ ಒಂದು ಅರ್ಜಿ ತುಂಬಿಕೊಡಬಹುದಲ್ವಾ?

ಕಾರ್ಯಪ್ಪ, ತಿಮ್ಮಯ್ಯನವರ ಹೆಸರು ಹೇಳಿ ಎದೆಯುಬ್ಬಿಸುವ ಜಿಲ್ಲೆ ನಿಮ್ಮದು. ಪ್ರತಿಮೆಗಳಿಗೆ ನಮ್ಮಲ್ಲಿ ಯಾವತ್ತೂ ಬರವಿಲ್ಲ. ಎಲ್ಲ ಊರಲ್ಲೂ ಇದೇ ಕಥೆ. ಆಗಸ್ಟ್ 15ಕ್ಕೆ ಮುದುಕರನ್ನು ಕರೆಸಿ, ಬಿಸಿಲಲ್ಲಿ ಕೂರಿಸಿ, ಶಾಲು ಹೊದಿಸಿ, ಶಾಸಕರ ಭಾಷಣ ಮುಗಿಯುವವರೆಗೆ ಕಾಯಿಸಿ ಕಳಿಸುತ್ತೇವೆ. ನವೆಂಬರ್‌ನಲ್ಲಿ ಪಿಂಚಣಿ ಮುಂದುವರಿಯಲು ಬೇಕಾದ ಜೀವನ ಪ್ರಮಾಣಪತ್ರಕ್ಕಾಗಿ ಸವೆದ ಬೆರಳನ್ನು ಯಂತ್ರಕ್ಕೆ ಮತ್ತೆ ಮತ್ತೆ ಒತ್ತುವಾಗ ಅವರ ಜೊತೆ ಯಾರೂ ಇರುವುದಿಲ್ಲ. ಪಂಚಾಯಿತಿಗಳು ಶಾಲಿನ ದುಡ್ಡಲ್ಲಿ ತಿಂಗಳಿಗೊಮ್ಮೆ ಒಂದು ಜೀಪ್ ಗೊತ್ತು ಮಾಡಲಿ. ಪಾಲಿಕ್ಲಿನಿಕ್‌ಗೆ ಕರೆದುಕೊಂಡು ಹೋಗಿ ಬರಲಿ. ಚೀಟಿ ಓದಲು, ಡಾಕ್ಟರ್ ಹೇಳಿದ್ದನ್ನು ಗಟ್ಟಿಯಾಗಿ ಮತ್ತೊಮ್ಮೆ ಹೇಳಲು ಕಾಲೇಜಿನ ಹುಡುಗನೊಬ್ಬ ಜೊತೆಗಿರಲಿ. ಆ ಜೀಪಿನಲ್ಲಿ ಜಾಗವಿದ್ದರೆ ನಿಮ್ಮ ತಂದೆಯವರೂ ತಾಲ್ಲೂಕು ಆಸ್ಪತ್ರೆಯವರೆಗೆ ಬರಲಿ.