ಸಂಖ್ಯಾಶಾಸ್ತ್ರ ಓದಿದವರು ತೌಲನಿಕ ಭಾಷಾವಿಜ್ಞಾನಕ್ಕೆ ಬರಬಹುದೇ?

ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದೀರಿ, ಭಾಷೆಗಳನ್ನು ಹೋಲಿಸಿ ಅವುಗಳ ವಂಶವೃಕ್ಷ ಕಟ್ಟುವ ಸಂಶೋಧನೆಯಲ್ಲೇ ಮುಂದುವರಿಯುವ ಆಸೆ, ಆದರೆ ಭಾಷಾವಿಜ್ಞಾನ ಓದಿಲ್ಲ. ಆಗುತ್ತದಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ನಾನು ಎದುರು ದಿಕ್ಕಿನಿಂದ ಬಂದವಳು: ಮೊದಲು ಭಾಷಾವಿಜ್ಞಾನ, ಲೆಕ್ಕ ಕಲಿತದ್ದು ಆಮೇಲೆ.

ಲೆಕ್ಕ ಬೇಕೇ ಬೇಕು. ಪ್ರತಿ ಕವಲೂ ಎರಡಾಗಿ ಒಡೆಯುತ್ತದೆ ಅಂದುಕೊಂಡರೆ ಆರು ಭಾಷೆಗಳಿಗೆ 945 ವೃಕ್ಷಗಳು ಸಾಧ್ಯ. ಹತ್ತು ಭಾಷೆಗಳಿಗೆ 3 ಕೋಟಿ 44 ಲಕ್ಷ ದಾಟುತ್ತದೆ. 1983ರಲ್ಲಿ ಭಾಷಾವಿಜ್ಞಾನಿ ಭದ್ರಿರಾಜು ಕೃಷ್ಣಮೂರ್ತಿ ಮತ್ತು ಇಬ್ಬರು ಸಹಲೇಖಕರು ಗೊಂಡಿ, ಕುಯಿ, ಕುವಿ ಮೊದಲಾದ ಆರು ದ್ರಾವಿಡ ಭಾಷೆಗಳಿಗೆ ಆ 945 ವೃಕ್ಷಗಳನ್ನೂ ತೂಗಿ ನೋಡಿದರು. ಒಂದು ನಿರ್ದಿಷ್ಟ ಧ್ವನಿ ಬದಲಾವಣೆ ಇನ್ನೂ ಮುಟ್ಟದೆ ಉಳಿದ ಪದಗಳೇ ಅವರ ಆಧಾರ. ಗೆದ್ದ ವೃಕ್ಷ, ವಿದ್ವಾಂಸರು ಪದಗಳನ್ನು ಕೈಯಾರೆ ಹೋಲಿಸುವ ಹಳೆಯ ತೌಲನಿಕ ವಿಧಾನದಿಂದ ಕಂಡುಕೊಂಡಿದ್ದ ವೃಕ್ಷವೇ! ಈಗಲೂ ಆ ಲೇಖನವನ್ನು ವಿದ್ಯಾರ್ಥಿಗಳಿಗೆ ಮೊದಲು ಕೊಡುತ್ತೇನೆ. ಏನನ್ನು ಎಣಿಸಬೇಕು ಎಂದು ಗೊತ್ತಿದ್ದವರು ಎಣಿಸಿದ ಕೆಲಸ ಅದು.

ನಿಮಗೆ ಕಷ್ಟವಾಗುವುದು ಈ ಭಾಗವೇ. ಒಂದೇ ಮೂಲದಿಂದ ಬಂದ ಪದಗಳನ್ನು ಗುರುತಿಸುವುದಕ್ಕೆ ಹೋಲಿಕೆ ಸಾಲದು. ಕನ್ನಡದ ಹಾಲು, ತಮಿಳಿನ ಪಾಲ್ ಬೇರೆ ಕಾಣುತ್ತವೆ. ಹಳಗನ್ನಡದ ಪಾಲ್ ನೋಡಿದವರಿಗೆ ಪಕಾರ ಹಕಾರವಾದದ್ದು ತಿಳಿಯುತ್ತದೆ, ಎರಡೂ ಒಂದೇ ಬೇರಿನವು. ಕನ್ನಡದ ಹೃದಯ, ತೆಲುಗಿನ ಹೃದಯಂ, ತಮಿಳಿನ ಇದಯಂ ಒಂದೇ ಥರ ಕಾಣುತ್ತವೆ. ಮೂರೂ ಸಂಸ್ಕೃತದ ಎರವಲು, ವಂಶದ ಸಾಕ್ಷಿಯಾಗಲಾರವು. ಇದು ಸುಲಭದ ಉದಾಹರಣೆ. ಪಕ್ಕದ ಸೋದರ ಭಾಷೆಯಿಂದಲೇ ಎರವಲು ಬಂದಾಗ ಪರಿಣತರಿಗೂ ಪತ್ತೆ ಕಷ್ಟ. ಪಿಎಚ್.ಡಿ.ಯ ಎರಡನೇ ವರ್ಷ ನಾನು ಒಂದು ಸಣ್ಣ ಭಾಷೆಯಲ್ಲಿದ್ದ ತೆಲುಗಿನ ಎರವಲುಗಳನ್ನು ಮೂಲ ಪದಗಳೆಂದು ನಮೂದಿಸಿಬಿಟ್ಟೆ. ವೃಕ್ಷ ಕಟ್ಟುವ ಕಂಪ್ಯೂಟರ್ ಪ್ರೋಗ್ರಾಂ ಆ ಭಾಷೆಯನ್ನು ತೆಲುಗಿನ ಮಗ್ಗುಲಿಗೆ ತಂದು ಕೂರಿಸಿತು, ಅದೂ ಬಹಳ ಹೆಚ್ಚಿನ ಸಂಭಾವ್ಯತೆಯೊಂದಿಗೆ. ಹಿರಿಯರೊಬ್ಬರು ತೋರಿಸಿಕೊಡುವವರೆಗೂ ನಾನು ಅದನ್ನೇ ನಂಬಿದ್ದೆ. ಇಡೀ ಪಟ್ಟಿಯನ್ನು ಮತ್ತೆ ಪರಿಶೀಲಿಸಲು ಐದು ತಿಂಗಳು ಹಿಡಿಯಿತು. ಆ ಐದು ತಿಂಗಳಲ್ಲಿ ಕಲಿತಷ್ಟನ್ನು ಮತ್ತೆಲ್ಲೂ ಕಲಿತಿಲ್ಲ.

ಕೆಲಸದ ವಿಚಾರ: ಕಾಯಂ ಹುದ್ದೆಗಳು ಕಡಿಮೆ. ಪಿಎಚ್.ಡಿ. ನಂತರ ಎರಡು-ಮೂರು ವರ್ಷಗಳ ಯೋಜನೆಗಳಲ್ಲಿ ಊರೂರು ಸುತ್ತಬೇಕಾಗಬಹುದು. ಮನೆಯವರಿಗೆ ಇದನ್ನು ಮೊದಲೇ ಹೇಳಿಡಿ. ನಿಮ್ಮ ಲೆಕ್ಕದ ಬಲದಿಂದ ಜೀವವಿಕಾಸ ಅಧ್ಯಯನ ಮಾಡುವ ತಂಡಗಳೂ ನಿಮ್ಮನ್ನು ಕರೆಯುತ್ತವೆ, ವಿಧಾನಗಳು ಹೆಚ್ಚುಕಡಿಮೆ ಒಂದೇ.

ಅರ್ಜಿ ಹಾಕುವ ಮೊದಲು ಭಾಷಾವಿಜ್ಞಾನಿ ಸ್ವಾದೇಶ್ ಅವರ ನೂರು ಮೂಲಭೂತ ಪದಗಳ ಪಟ್ಟಿ ತೆಗೆದುಕೊಂಡು ಮೂರು ಸೋದರ ಭಾಷೆಗಳಿಗೆ ಕೈಯಾರೆ ತುಂಬಿ. ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ಕೋಶ (ಒಂದೇ ಬೇರಿನ ದ್ರಾವಿಡ ಪದಗಳನ್ನು ಒಟ್ಟಿಗೆ ಕೊಡುವ ನಿಘಂಟು) ಪಕ್ಕದಲ್ಲಿರಲಿ. ಪ್ರತಿ ಪದದ ಮುಂದೆ ಮೂಲವೋ ಎರವಲೋ, ಹಾಗೆ ಹೇಳಲು ಕಾರಣವೇನು ಎಂದು ಬರೆಯಿರಿ. ಆ ಕಾರಣಗಳನ್ನು ಬರೆಯುವಾಗ ಹೊತ್ತು ಹೋದದ್ದೇ ತಿಳಿಯದಿದ್ದರೆ, ದಯವಿಟ್ಟು ಬನ್ನಿ.