ಕೀ ಆನ್ ಮಾಡಿದಾಗ ಬ್ಯಾಟರಿ ಲೈಟ್ ಹತ್ತಲೇಬೇಕು

ಪ್ರಶ್ನೆ: ಸರ್, ನನ್ನದು 2014ರ ಹತ್ತು ಚಕ್ರದ ಲಾರಿ. ಚಳ್ಳಕೆರೆಯಿಂದ ಯಶವಂತಪುರಕ್ಕೆ ಈರುಳ್ಳಿ ಲೋಡ್ ಹೊಡೆಯುತ್ತೇವೆ. ಒಂದು ತಿಂಗಳಿಂದ ಕೀ ಆನ್ ಮಾಡಿದರೆ ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ಲೈಟ್ ಹತ್ತುತ್ತಿಲ್ಲ. ಲೈಟ್ ಹತ್ತದಿದ್ದರೆ ಒಳ್ಳೇದೇ ಅಲ್ವಾ ಅಣ್ಣ ಅಂತಾನೆ ಡ್ರೈವರ್. ಆದರೆ ವಾರಕ್ಕೆ ಎರಡು ಸಲ ಬೆಳಿಗ್ಗೆ ಸೆಲ್ಫ್ ಎಳೆಯುವುದಿಲ್ಲ, ತಳ್ಳಿಸಬೇಕು. ಬ್ಯಾಟರಿಗಳು ಎಂಟು ತಿಂಗಳ ಹಿಂದಿನವು. ಅಂಗಡಿಯವರು ಚೆಕ್ ಮಾಡಿ ಸರಿ ಇವೆ ಅಂದರು. ಹೈವೇಯಲ್ಲಿ ಓಡಿದ ಮಾರನೇ ದಿನ ತೊಂದರೆ ಇರಲ್ಲ, ಮಂಡಿ ಸುತ್ತಮುತ್ತ ಓಡಾಡಿದ ದಿನ ಮಾತ್ರ ಹೀಗೆ. ಹೊಸ ಬ್ಯಾಟರಿ ಹಾಕಿಸಲಾ?

ಉತ್ತರ: ಬ್ಯಾಟರಿಗೆ ದುಡ್ಡು ಹಾಕಬೇಡಿ, ತಡೆಯಿರಿ. ನಿಮಗೆ ಬೇಕಾದ ಸುಳಿವು ನಿಮ್ಮ ಕೊನೆಯ ಮಾತಿನಲ್ಲೇ ಇದೆ.

ಇಂಜಿನ್ ಓಡುವಾಗ ಆ ಲೈಟ್ ಆರಿರುವುದು ಒಳ್ಳೆಯದು, ನಿಮ್ಮ ಡ್ರೈವರ್ ಹೇಳಿದ್ದರಲ್ಲಿ ಅಷ್ಟು ಸರಿ. ಇಂಜಿನ್ ಆಫ್ ಇದ್ದು ಕೀ ಮಾತ್ರ ಆನ್ ಇದ್ದಾಗ ಅದು ಹತ್ತಲೇಬೇಕು. ಬಹಳ ಜನ ಈ ಲೈಟ್ ಬರೀ ತೋರಿಸುವುದಕ್ಕೆ ಇದೆ ಅಂದುಕೊಂಡಿದ್ದಾರೆ, ಆದರೆ ಹಳೇ ಮಾದರಿಯ ಲಾರಿಗಳಲ್ಲಿ ಅದಕ್ಕೆ ಇನ್ನೊಂದು ಕೆಲಸವೂ ಇದೆ. ಕೀಯಿಂದ ಬಂದ ಕರೆಂಟ್ ಆ ಸಣ್ಣ ಬಲ್ಬಿನ ಮೂಲಕವೇ, ಇಂಜಿನ್ ಜೊತೆ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ಗೆ ಹೋಗಿ, ಕಾರ್ಬನ್ ಬ್ರಷ್ ದಾಟಿ, ಒಳಗೆ ತಿರುಗುವ ಸುರುಳಿಗೆ ಮೊದಲ ಕಾಂತಶಕ್ತಿ ಕೊಡುತ್ತದೆ. ಅದು ಸಿಕ್ಕ ಮೇಲೆ ಆಲ್ಟರ್ನೇಟರ್ ತಾನೇ ಕರೆಂಟ್ ಹುಟ್ಟಿಸಿಕೊಳ್ಳುತ್ತದೆ. ಆಗ ಬಲ್ಬಿನ ಎರಡೂ ಕಡೆ ಒಂದೇ ವೋಲ್ಟೇಜ್ ಬಂದು ಲೈಟ್ ಆರುತ್ತದೆ.

ಬಲ್ಬ್ ಹೋದರೆ ಆ ಮೊದಲ ಕರೆಂಟ್ ಸಿಗುವುದಿಲ್ಲ. ಆದರೂ ಒಳಗಿನ ಕಬ್ಬಿಣದಲ್ಲಿ ಸ್ವಲ್ಪ ಕಾಂತತ್ವ ಉಳಿದಿರುತ್ತದೆ, ಹಾಗಾಗಿ ಇಂಜಿನ್ ಜೋರಾಗಿ ತಿರುಗಿದಾಗ ಚಾರ್ಜಿಂಗ್ ಹೇಗೋ ಶುರುವಾಗುತ್ತದೆ, ಒಮ್ಮೆ ಶುರುವಾದರೆ ಇಂಜಿನ್ ನಿಲ್ಲಿಸುವವರೆಗೂ ನಡೆಯುತ್ತದೆ. ಹೈವೇ ದಿನ ಸರಿ, ಮಂಡಿ ದಿನ ತೊಂದರೆ ಅಂದಿರಲ್ಲ, ಕಾರಣ ಇದೇ.

ಖಾತ್ರಿ ಮಾಡಿಕೊಳ್ಳಲು ಒಂದು ಮಲ್ಟಿಮೀಟರ್ ಸಾಕು. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಎರಡು ಬ್ಯಾಟರಿ ಸೇರಿ 25 ವೋಲ್ಟ್ ದಾಟಿರಬೇಕು. ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಡಿ. 27.5ರಿಂದ 28.5ರ ನಡುವೆ ಬಂದರೆ ಚಾರ್ಜ್ ಆಗುತ್ತಿದೆ. 24ರ ಆಸುಪಾಸಿನಲ್ಲೇ ನಿಂತಿದ್ದು, ರೇಸ್ ಕೊಟ್ಟ ತಕ್ಷಣ 28ಕ್ಕೆ ಹಾರಿ ಅಲ್ಲೇ ಉಳಿದರೆ ಆಲ್ಟರ್ನೇಟರ್ ಕರೆಂಟ್ ಹುಟ್ಟಿಸಬಲ್ಲದು, ತೊಂದರೆ ಲೈಟಿನ ದಾರಿಯಲ್ಲಿದೆ.

ಆ ದಾರಿಯಲ್ಲಿ ಎಲ್ಲಿ ತುಂಡಾಗಿದೆ ಅಂತ ಹುಡುಕಬೇಕಲ್ವಾ? ಇಂಜಿನ್ ಆಫ್ ಮಾಡಿ. ಆಲ್ಟರ್ನೇಟರ್ ಹಿಂದೆ ಡಿ ಪ್ಲಸ್ ಅಥವಾ ಎಲ್ ಅಂತ ಗುರುತಿರುವ ಕಡೆ ತೆಳು ವೈರ್ ಇರುತ್ತದೆ. ಅದನ್ನು ಬಿಚ್ಚಿ, ಕೀ ಆನ್ ಮಾಡಿಸಿ, ವೈರಿನ ತುದಿಯನ್ನು ಇಂಜಿನ್ ಬ್ಲಾಕಿಗೆ ಮುಟ್ಟಿಸಿ. ಪಕ್ಕದ ದಪ್ಪ ವೈರ್ ಬ್ಯಾಟರಿಯಿಂದ ನೇರವಾಗಿ ಬಂದಿರುತ್ತದೆ, ಅದರ ಸುದ್ದಿಗೆ ಹೋಗಲೇಬೇಡಿ, ಸ್ಪ್ಯಾನರ್ ತಗುಲಿದರೂ ಬೆಂಕಿ ಕಿಡಿ ಹಾರುತ್ತದೆ. ತೆಳು ವೈರ್ ಮುಟ್ಟಿಸಿದಾಗ ಲೈಟ್ ಹತ್ತಿದರೆ ಬಲ್ಬೂ ವೈರೂ ಸರಿ, ಆಲ್ಟರ್ನೇಟರ್ ಒಳಗಿನ ಕಾರ್ಬನ್ ಬ್ರಷ್ ಸವೆದಿದೆ ಅಥವಾ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಹೋಗಿದೆ. ಹತ್ತದಿದ್ದರೆ ಮೀಟರ್ ಬೋರ್ಡ್ ಬಿಚ್ಚಿ.

ಬೋರ್ಡಿನ ಹಿಂದೆ ಹೋಲ್ಡರನ್ನು ಕಾಲು ಸುತ್ತು ತಿರುಗಿಸಿದರೆ ಬಲ್ಬ್ ಹೊರಗೆ ಬರುತ್ತದೆ. ಬೆಳಕಿಗೆ ಹಿಡಿದು ನೋಡಿ. ಗಾಜಿನ ಒಳಗೆ ಹೊಗೆ ಹಿಡಿದ ಹಾಗೆ ಕಪ್ಪಾಗಿದ್ದು ಕೂದಲಿನಂಥ ತಂತಿ ಮಧ್ಯದಲ್ಲಿ ಕಡಿದಿದ್ದರೆ ಅಲ್ಲಿಗೆ ಉತ್ತರ ಸಿಕ್ಕಿತು. ತಂತಿ ಚೆನ್ನಾಗಿದ್ದರೆ ಹೋಲ್ಡರ್ ಕೂರುವ ತಾಮ್ರದ ಪಟ್ಟಿ ನೋಡಿ, ಧೂಳು ಮತ್ತು ತೇವಕ್ಕೆ ಹಸಿರು ಕಟ್ಟಿರುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆತ್ತಗೆ ಉಜ್ಜಿ. ಬ್ಲೇಡ್ ಹಾಕಿ ಕೆರೆದರೆ ಪಟ್ಟಿಯೇ ಎದ್ದು ಬರುತ್ತದೆ, ಹಾಗೆ ಹಾಳಾದ ಬೋರ್ಡ್ ಎಷ್ಟೋ ನೋಡಿದ್ದೇನೆ. ಹೊಸ ಬಲ್ಬ್ 24 ವೋಲ್ಟಿನದೇ ಆಗಬೇಕು, ಹಳೆಯದರ ಮೇಲೆ ಎಷ್ಟು ವ್ಯಾಟ್ ಅಂತ ಬರೆದಿದೆಯೋ ಅಷ್ಟೇ ಇರಬೇಕು. ಕಾರಿನ 12 ವೋಲ್ಟ್ ಬಲ್ಬ್ ಹಾಕಿದರೆ ಹತ್ತಿದ ಹಾಗೇ ಸುಟ್ಟುಹೋಗುತ್ತದೆ.

ಒಮ್ಮೆ ಹಿರಿಯೂರು ಹತ್ತಿರ ರಾತ್ರಿ ಒಂದು ಲಾರಿ ಇದೇ ತೊಂದರೆಯಿಂದ ನಿಂತಿತ್ತು. ಹೆಡ್‌ಲೈಟ್ ದೀಪದ ಕುಡಿಯಷ್ಟು ಮಂಕಾಗಿತ್ತು. ಡ್ರೈವರ್ ಹುಡುಗ ಹೆದರಿಬಿಟ್ಟಿದ್ದ. ಅಂಗಡಿ ಎಲ್ಲಾ ಮುಚ್ಚಿದ್ದವು. ಇಂಜಿನ್ ಐಡಲ್‌ನಲ್ಲಿಟ್ಟು, 5 ವ್ಯಾಟಿನ ಒಂದು ಪಾರ್ಕಿಂಗ್ ಬಲ್ಬಿಗೆ ಎರಡು ವೈರ್ ಕಟ್ಟಿ, ಒಂದು ತುದಿ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಡಿ ಪ್ಲಸ್ಸಿಗೆ ಒಂದು ಕ್ಷಣ ಮುಟ್ಟಿಸಿದೆ. ಬಲ್ಬ್ ಹತ್ತಿ ಆರಿತು, ಹೆಡ್‌ಲೈಟ್ ಬೆಳ್ಳಗಾಯಿತು. ಇಂಜಿನ್ ನಿಲ್ಲಿಸದೆ ಹೋಗು ಮಾರಾಯ ಅಂತ ಕಳಿಸಿದೆ. ಇದು ಮನೆ ಸೇರುವುದಕ್ಕೆ ಮಾತ್ರ, ಅದೂ ಕೈ ಮತ್ತು ಟವಲ್ ಫ್ಯಾನ್ ಬೆಲ್ಟಿನಿಂದ ದೂರ ಇಟ್ಟುಕೊಳ್ಳಬಲ್ಲವರಿಗೆ ಮಾತ್ರ. ಇನ್ನೊಂದು ಮಾತು, ಚಾರ್ಜ್ ಆಗುತ್ತಿದೆಯಾ ನೋಡಲು ಓಡುವ ಇಂಜಿನ್ನಿನಲ್ಲಿ ಬ್ಯಾಟರಿ ಕ್ಲಾಂಪ್ ಬಿಚ್ಚುವವರಿದ್ದಾರೆ. ದಯವಿಟ್ಟು ಬೇಡ, ಆಲ್ಟರ್ನೇಟರ್ ಒಳಗಿನ ಡಯೋಡ್ ಸುಡುತ್ತವೆ.

ಪ್ರಶ್ನೆ: ಬಲ್ಬ್ ಪದೇಪದೇ ಹೋಗುತ್ತಿತ್ತು ಅಂತ ಚಾರ್ಜಿಂಗ್ ಲೈಟಿಗೆ ಎಲ್‌ಇಡಿ ಹಾಕಿಸಿದೆ. ಈಗ ಲೈಟ್ ಚೆನ್ನಾಗಿ ಹತ್ತುತ್ತದೆ, ಆದರೆ ರೇಸ್ ಕೊಡುವವರೆಗೆ ಆರುವುದಿಲ್ಲ. ಯಾಕೆ?

ಉತ್ತರ: ಎಲ್‌ಇಡಿ ತುಂಬಾ ಕಡಿಮೆ ಕರೆಂಟ್ ಬಿಡುತ್ತದೆ. ಬೆಳಕಿಗೆ ಅಷ್ಟು ಸಾಕು, ಆಲ್ಟರ್ನೇಟರ್ ಎಬ್ಬಿಸಲು ಸಾಲದು. ಸುಮ್ನೆ ಮೊದಲಿನ ತಂತಿ ಬಲ್ಬ್ ಹಾಕಿಸಿ. ಎಲ್‌ಇಡಿಯೇ ಇರಲಿ ಅಂದರೆ ಅದಕ್ಕೆ ಸಮಾನಾಂತರವಾಗಿ 240 ಓಂ ಆಸುಪಾಸಿನ, 5 ವ್ಯಾಟ್ ತಡೆಯುವ ರೆಸಿಸ್ಟರ್ ಕೂರಿಸಬೇಕು. ಅದು ಬಿಸಿಯಾಗುತ್ತದೆ, ಪ್ಲಾಸ್ಟಿಕ್ಕಿಗೆ ತಾಗದಂತೆ ನೋಡಿಕೊಳ್ಳಿ. ಬಲ್ಬ್ ಪದೇಪದೇ ಹೋಗುತ್ತಿತ್ತು ಅನ್ನುವುದನ್ನೂ ಹಾಗೇ ಬಿಡಬೇಡಿ. ಇಂಜಿನ್ ಓಡುವಾಗ ಮೀಟರ್ 30 ವೋಲ್ಟ್ ತೋರಿಸುತ್ತಿದ್ದರೆ ರೆಗ್ಯುಲೇಟರ್ ಕೆಟ್ಟಿದೆ, ಮುಂದಿನ ಸರದಿ ಬ್ಯಾಟರಿಯದು.

ಪ್ರಶ್ನೆ: ನಮ್ಮ ಹಳೇ ಟಿಪ್ಪರಿನಲ್ಲಿ ಕೀ ಆನ್ ಮಾಡಿದಾಗ ಆಯಿಲ್ ಲೈಟ್ ಹತ್ತುತ್ತಿಲ್ಲ. ಗಾಡಿ ಓಡಿಸಬಹುದಾ?

ಉತ್ತರ: ಇವತ್ತೇ ನೋಡಿಸಿ, ಅಲ್ಲಿಯವರೆಗೆ ಲೋಡ್ ಹಾಕಬೇಡಿ. ಆಯಿಲ್ ಪ್ರೆಶರ್ ಬಿದ್ದರೆ ನಿಮಗೆ ತಿಳಿಯುವ ದಾರಿಯೇ ಇಲ್ಲ, ಬೇರಿಂಗ್ ಹಿಡಿದುಕೊಳ್ಳಲು ಕೆಲವೇ ನಿಮಿಷ ಸಾಕು. ಪರೀಕ್ಷೆ ಮೇಲೆ ಹೇಳಿದ ಹಾಗೇ: ಇಂಜಿನ್ ಆಫ್, ಕೀ ಆನ್, ಬ್ಲಾಕಿನಲ್ಲಿರುವ ಆಯಿಲ್ ಸ್ವಿಚ್ಚಿನ ವೈರ್ ತೆಗೆದು ಬ್ಲಾಕಿಗೆ ಮುಟ್ಟಿಸಿ. ಹತ್ತಿದರೆ ಸ್ವಿಚ್ ಬದಲಾಯಿಸಿ, ಇಲ್ಲದಿದ್ದರೆ ಬಲ್ಬ್, ಫ್ಯೂಸ್, ವೈರ್ ನೋಡಿ. ನಿಮ್ಮದು ಹೊಸ ಮಾಲಿನ್ಯ ನಿಯಮದ ಬಿಎಸ್ 6 ಗಾಡಿ ಆಗಿದ್ದರೆ ಮಾತ್ರ ವೈರ್ ಮುಟ್ಟಿಸುವ ಕೆಲಸ ಬೇಡ, ಅಲ್ಲಿ ಲೈಟುಗಳನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ, ಸ್ಕ್ಯಾನರ್ ಇರುವವರ ಹತ್ತಿರ ಹೋಗಿ.