ಬಟ್ಟೆ ಹಚ್ಚಿಸಿದ ಹಳೆಯ ಸಿನಿಮಾ ಪೋಸ್ಟರ್‌ನಲ್ಲಿ ಗುಳ್ಳೆ ಎದ್ದಿದೆ. ಉಳಿದವನ್ನೂ ದುರಸ್ತಿಗೆ ಕೊಡಬಹುದೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ತಾತ ಟೂರಿಂಗ್ ಟಾಕೀಸ್ ನಡೆಸುತ್ತಿದ್ದರು. ಅವರ ಟ್ರಂಕಿನಲ್ಲಿ 1960–70ರ ದಶಕದ ಕನ್ನಡ ಸಿನಿಮಾ ಪೋಸ್ಟರ್‌ಗಳು ಸಿಕ್ಕಿವೆ. ಒಂದನ್ನು ವೃತ್ತಿಪರರೊಬ್ಬರಿಂದ ದುರಸ್ತಿ ಮಾಡಿಸಿ, ಹಿಂಬದಿಗೆ ಬಟ್ಟೆ ಹಚ್ಚಿಸಿದಿರಿ. ಮಳೆಗಾಲ ಬಂದಾಗ ಗುಳ್ಳೆ ಎದ್ದಿತು. ಕೆಳಗಿದ್ದ ನೇರಳೆ ಬಣ್ಣದ ರಬ್ಬರ್ ಮುದ್ರೆ ಹರಡಿಕೊಂಡಿದೆ. ಬೆಳ್ಳಗಾಗಿದ್ದ ಅಂಚು ಮತ್ತೆ ಹಳದಿಗೆ ತಿರುಗುತ್ತಿದೆ. ಇದು ಸರಿಹೋಗುತ್ತದೆಯೇ, ಉಳಿದವನ್ನೂ ಅವರಿಗೇ ಕೊಡಬಹುದೇ ಎಂದು ಕೇಳಿದ್ದೀರಿ.

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಸದ್ಯಕ್ಕೆ ಅವರಿಗೂ ಕೊಡಬೇಡಿ, ಬೇರೆಯವರಿಗೂ ಕೊಡಬೇಡಿ. ಕಾಗದದ ದುರಸ್ತಿಯೇ ನನ್ನ ಕಸುಬು. ಹಳೆಯ ನಕಾಶೆ, ದಸ್ತಾವೇಜುಗಳ ಜೊತೆ ಸಿನಿಮಾ ಪೋಸ್ಟರ್‌ಗಳೂ ನನ್ನ ಮೇಜಿಗೆ ಬರುತ್ತವೆ. ಗೆದ್ದಲು ತಿಂದವುಗಳಿಗಿಂತ ಹಿಂದಿನ ದುರಸ್ತಿಯಿಂದ ಕೆಟ್ಟವೇ ಅವುಗಳಲ್ಲಿ ಹೆಚ್ಚು. ಐವತ್ತು ವರ್ಷ ಟ್ರಂಕಿನಲ್ಲಿ ಉಳಿದುಬಂದ ಹಾಳೆಗಳು, ಹುಳ ಮತ್ತು ತೇವದ ಕಾಟವಿಲ್ಲದಿದ್ದರೆ, ಇನ್ನೊಂದು ವರ್ಷ ಕಾಯಬಲ್ಲವು.

ಬಟ್ಟೆ ಹಚ್ಚುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಲಿನನ್ ಬ್ಯಾಕಿಂಗ್ ಎಂದು ಕರೆಯುವ ಈ ಪದ್ಧತಿ ಅಮೆರಿಕದ ಸಂಗ್ರಾಹಕರಲ್ಲಿ ಬಹಳ ಕಾಲದಿಂದ ರೂಢಿಯಲ್ಲಿದೆ. ಅಲ್ಲಿನ 27x41 ಅಂಗುಲದ ಪೋಸ್ಟರ್‌ಗಳನ್ನು 1980ರ ದಶಕದವರೆಗೂ ಮಡಿಸಿಯೇ ಚಿತ್ರಮಂದಿರಗಳಿಗೆ ಕಳುಹಿಸುತ್ತಿದ್ದರು. ಮಡಿಕೆ ಮಡಿಕೆಯಲ್ಲೂ ಹರಿದ ಹಾಳೆಗೆ ಬೆನ್ನಾಸರೆ ಬೇಕಾಯಿತು. ಹತ್ತಿಯ ಕ್ಯಾನ್ವಾಸನ್ನು ಚೌಕಟ್ಟಿಗೆ ಬಿಗಿದು, ಅದರ ಮೇಲೆ ಆಮ್ಲರಹಿತ ತೆಳು ಕಾಗದವೊಂದನ್ನು ಹಚ್ಚಿ, ಅದರ ಮೇಲೆ ಪೋಸ್ಟರನ್ನು ಕೂರಿಸುತ್ತಾರೆ. ಅಂಟು ಗೋಧಿ ಪಿಷ್ಟದ್ದು. ನೀರು ತಾಗಿಸಿದರೆ ಮುಂದೊಂದು ದಿನ ಬಿಟ್ಟುಬರಬೇಕು. ಪೂರ್ತಿ ಒಣಗುವ ತನಕ ಎಲ್ಲವೂ ಚೌಕಟ್ಟಿನ ಬಿಗಿಯಲ್ಲೇ ಇರಬೇಕು. ಹೀಗೆ ಮಾಡಿದ ಕೆಲಸ ದಶಕಗಳ ಕಾಲ ಬಾಳುತ್ತದೆ.

ನಮ್ಮ ಪೋಸ್ಟರ್‌ಗಳ ಸ್ವಭಾವ ಬೇರೆ. ಸಾಮಾನ್ಯವಾಗಿ 30x40 ಅಂಗುಲದ ಈ ಹಾಳೆಗಳನ್ನು ಗೋಡೆಗೆ ಮೈದಾ ಅಂಟಿನಿಂದ ಮೆತ್ತಲೆಂದೇ ಅಚ್ಚು ಹಾಕುತ್ತಿದ್ದರು. ಸಿನಿಮಾ ಬದಲಾಗುವವರೆಗೆ ಉಳಿದರೆ ಸಾಕಿತ್ತು. ಹಾಗಾಗಿ ಕಾಗದ ತೆಳು, ಅಗ್ಗ, ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಎಂಬ ಅಂಶ ಹಾಗೆಯೇ ಉಳಿದದ್ದು. ಬೆಳಕಿಗೆ ಹಳದಿಯಾಗುತ್ತದೆ, ಒಳಗೊಳಗೇ ಆಮ್ಲವಾಗಿ ಮಡಿಕೆಯಲ್ಲಿ ಪುಡಿಯಾಗುತ್ತದೆ. ಒದ್ದೆಯಾದರೆ ಕೈಯಲ್ಲಿ ಎತ್ತಲೂ ಆಗುವುದಿಲ್ಲ. ಇಂತಹ ಹಾಳೆಗೆ ದಪ್ಪ ಕ್ಯಾನ್ವಾಸ್ ಹಚ್ಚಿ ನಮ್ಮ ಮಳೆಗಾಲಕ್ಕೆ ಒಡ್ಡಿದರೆ ಬಟ್ಟೆಯೊಂದು ರೀತಿ ಹಿಗ್ಗುತ್ತದೆ, ಕಾಗದವೊಂದು ರೀತಿ. ಎರಡರ ಜಗ್ಗಾಟದಲ್ಲಿ ಅಂಟು ಎಲ್ಲಿ ಬಡಕಲಾಗಿದೆಯೋ ಅಲ್ಲಿ ಗುಳ್ಳೆ ಏಳುತ್ತದೆ. ನಿಮ್ಮಲ್ಲಿ ಆಗಿರುವುದು ಬಹುಶಃ ಇದೇ. ಮೊದಲೇ ಹಾಳೆಯನ್ನು ತೇವದಲ್ಲಿ ಸಂಪೂರ್ಣ ಹಿಗ್ಗಲು ಬಿಡದೆ ಅಂಟಿಸಿದ್ದರೂ, ಒಣಗುವ ಮುನ್ನವೇ ಚೌಕಟ್ಟಿನಿಂದ ಬಿಚ್ಚಿದ್ದರೂ ಹೀಗಾಗುತ್ತದೆ.

ದಯವಿಟ್ಟು ಇಸ್ತ್ರಿ ಪೆಟ್ಟಿಗೆ ಹಿಡಿಯಬೇಡಿ. ಗುಳ್ಳೆಗೆ ಸೂಜಿ ಚುಚ್ಚಿ ಅಂಟು ತುಂಬಿಸಲೂ ಹೋಗಬೇಡಿ. ಯಾವ ಅಂಟು ಬಳಸಿದ್ದಾರೆಂದು ಮೊದಲು ತಿಳಿಯಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಬಟ್ಟೆ ಪೋಸ್ಟರ್‌ಗಿಂತ ಸ್ವಲ್ಪ ಅಗಲವಾಗಿರುತ್ತದೆ. ಆ ಹೆಚ್ಚುವರಿ ಅಂಚಿನಿಂದ ಒಣಗಿದ ಅಂಟು ಹತ್ತಿರುವ ಒಂದು ನೂಲೆಳೆಯನ್ನು ಕತ್ತರಿಸಿಕೊಳ್ಳಿ. ಅದನ್ನು ಪೋಸ್ಟರ್‌ನಿಂದ ದೂರ, ಒಂದು ತಟ್ಟೆಯಲ್ಲಿಟ್ಟು, ಔಷಧ ಅಂಗಡಿಯಲ್ಲಿ ಸಿಗುವ ಟಿಂಕ್ಚರ್ ಅಯೋಡಿನ್‌ಗೆ ನೀರು ಬೆರೆಸಿ ಒಂದು ಹನಿ ಬಿಡಿ. ಎಳೆ ಕಪ್ಪುನೀಲಿಗೆ ತಿರುಗಿದರೆ ಅದರಲ್ಲಿ ಪಿಷ್ಟವಿದೆ: ಗೋಧಿ ಪಿಷ್ಟವೋ ಮೈದಾವೋ, ಅಂತೂ ನೀರಿಗೆ ಬಿಡುವ ಆಸೆಯಿದೆ. ಅಯೋಡಿನ್‌ನ ಕಂದು ಬಣ್ಣವೇ ಉಳಿದರೆ ಬೇರೆ ಯಾವುದೋ ಅಂಟು. ಬಡಗಿಗಳು ಬಳಸುವ ಬಿಳಿ ಅಂಟು, ಅಂದರೆ ಪಿವಿಎ ಇರುವ ಸಾಧ್ಯತೆ ಹೆಚ್ಚು. ಅದು ಒಣಗಿದ ಮೇಲೆ ನೀರಿಗೆ ಕರಗುವುದಿಲ್ಲ, ಊದಿಕೊಳ್ಳುತ್ತದೆ ಅಷ್ಟೆ. ಬಟ್ಟೆಯನ್ನು ಎಳೆಎಳೆಯಾಗಿ ಬಿಡಿಸಿ, ಅಂಟನ್ನು ಹಿಂದಿನಿಂದ ಕೆರೆದು ತೆಗೆಯಬೇಕಾಗುತ್ತದೆ. ಅದು ಪರಿಣತರ ಕೆಲಸ, ಆಗಲೂ ಹಾಳೆ ಸವೆಯುವ ಅಪಾಯ ಇದ್ದೇ ಇದೆ. ಈ ಪರೀಕ್ಷೆ ಮೊದಲ ಸುಳಿವು ಮಾತ್ರ, ಆದರೆ ಮುಂದೆ ಯಾರೊಂದಿಗೆ ಮಾತಾಡಿದರೂ ನಿಮ್ಮ ಕೈಯಲ್ಲಿ ಒಂದು ಆಧಾರ ಇರುತ್ತದೆ.

ಮೈದಾ ಎಂದು ಗೊತ್ತಾದರೂ ನಿಶ್ಚಿಂತೆಯಿಂದ ಇರಬೇಡಿ. ನಮ್ಮ ಬೈಂಡಿಂಗ್ ಕೆಲಸದವರು ಹುಳ ಬಾರದಿರಲೆಂದು ಮೈದಾ ಅಂಟು ಕುದಿಸುವಾಗ ಮೈಲುತುತ್ತ ಹಾಕುವುದು ಹಳೆಯ ರೂಢಿ. ದಪ್ಪ ರಟ್ಟಿನ ಲೆಕ್ಕದ ಪುಸ್ತಕಕ್ಕೆ ಅದು ಹೇಗೋ ನಡೆದೀತು. ತೆಳು ಪೋಸ್ಟರ್‌ಗೆ ಅದರಲ್ಲಿರುವ ತಾಮ್ರ ವಿಷವೇ ಸರಿ. ಕಾಗದದ ನಾರು ಬೇಗ ಬೇಗ ಕೆಡುವಂತೆ ಮಾಡಿ ಕಂದು ಬಣ್ಣ ತರಿಸುತ್ತದೆ. ಮೈಲುತುತ್ತ ಹಾಕದಿದ್ದರೆ ಜಿರಳೆ, ಬೆಳ್ಳಿಹುಳುಗಳಿಗೆ ಮೈದಾ ಹಬ್ಬದೂಟ. ಇದಕ್ಕಾಗಿಯೇ ಸಂರಕ್ಷಣೆಯ ಕೆಲಸದಲ್ಲಿ ಗ್ಲುಟೆನ್ ತೆಗೆದ ಶುದ್ಧ ಗೋಧಿ ಪಿಷ್ಟವನ್ನೋ, ಹುಳಗಳಿಗೆ ಅಷ್ಟಾಗಿ ಹಿಡಿಸದ ಮಿಥೈಲ್ ಸೆಲ್ಯುಲೋಸನ್ನೋ ಬಳಸುತ್ತೇವೆ.

ಇನ್ನು ನೇರಳೆ ಮುದ್ರೆ. ಪೋಸ್ಟರ್ ಅಚ್ಚು ಹಾಕುವ ಲಿಥೋ, ಆಫ್‌ಸೆಟ್ ಮುದ್ರಣದ ಶಾಯಿ ಎಣ್ಣೆ ಆಧಾರಿತ, ನೀರಿಗೆ ಸಾಮಾನ್ಯವಾಗಿ ಜಗ್ಗುವುದಿಲ್ಲ. ಮೇಲೆ ಒತ್ತಿದ ರಬ್ಬರ್ ಮುದ್ರೆ, ಪೆನ್ನಿನಲ್ಲಿ ಬರೆದ ಊರು, ತಾರೀಖು, ಆಟದ ಹೊತ್ತು, ಇವುಗಳ ಶಾಯಿ ಬಹುತೇಕ ನೀರಲ್ಲಿ ಕರಗುವಂಥದ್ದು. ನೀರಿಗಿಳಿಸುವ ಮುನ್ನ ಪ್ರತಿಯೊಂದು ಬಣ್ಣದ ಮೇಲೂ ಸೂಜಿಮೊನೆಯಷ್ಟು ನೀರಿಟ್ಟು, ಒತ್ತುಕಾಗದದಿಂದ ಒತ್ತಿ ಬಣ್ಣ ಬಿಡುತ್ತದೆಯೇ ಎಂದು ನೋಡುವುದು ಈ ಕಸುಬಿನ ಮೊದಲ ಪಾಠ. ಅದು ನಿಮ್ಮ ಪೋಸ್ಟರ್‌ಗೆ ಆಗಿಲ್ಲ. ಹರಡಿದ ಮುದ್ರೆಯನ್ನು ಮತ್ತೆ ಕೂಡಿಸಲು ಬರುವುದಿಲ್ಲ. ನಿಮ್ಮ ತಾತನ ಟಾಕೀಸಿನ ಹೆಸರು ಆ ಮುದ್ರೆಯಲ್ಲಿ ಇದ್ದಿದ್ದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ, ಯಾಕೆಂದರೆ ಆ ಹಾಳೆ ಬೇರೆಲ್ಲ ಪ್ರತಿಗಳಿಗಿಂತ ಭಿನ್ನವಾಗಿದ್ದದ್ದು ಅದರಿಂದಲೇ.

ಬೆಳ್ಳಗಾಗಿದ್ದು ಮತ್ತೆ ಹಳದಿಯಾಗುತ್ತಿದೆ ಎಂದರೆ ಬ್ಲೀಚಿಂಗ್ ಮಾಡಿದ್ದಾರೆ ಎಂದೇ ನನ್ನ ಊಹೆ. ಕ್ಲೋರಿನ್ ಬ್ಲೀಚ್ ಗಿರಾಕಿಗೆ ಒಪ್ಪಿಸುವ ದಿನ ಬೆರಗು ಹುಟ್ಟಿಸುತ್ತದೆ. ಒಳಗಿನ ನಾರನ್ನು ಕತ್ತರಿಸುತ್ತದೆ, ಚೆನ್ನಾಗಿ ತೊಳೆಯದೆ ಉಳಿದ ಅಂಶ ಮುಂದೆಯೂ ಕೆಲಸ ಮಾಡುತ್ತಲೇ ಇರುತ್ತದೆ. ಅರವತ್ತರ ದಶಕದ ಅಗ್ಗದ ಕಾಗದ ಅಚ್ಚಾದ ದಿನವೂ ಹಾಲಿನಂತೆ ಬೆಳ್ಳಗಿರಲಿಲ್ಲ. ಆಮ್ಲ ತೆಗೆಯುವ ಕ್ಷಾರದ ಸ್ನಾನ ಒಳ್ಳೆಯದೇ, ಆದರೆ ಅದಕ್ಕೂ ಬಣ್ಣ ನೋಡಬೇಕು. ಪ್ರಷ್ಯನ್ ನೀಲಿ ಎಂಬ ವರ್ಣದ್ರವ್ಯ ಕ್ಷಾರಕ್ಕೆ ಸಿಕ್ಕಿದರೆ ಕಂದಾಗಿಬಿಡುತ್ತದೆ, ಆಕಾಶವೇ ಮಣ್ಣುಬಣ್ಣಕ್ಕೆ ತಿರುಗುತ್ತದೆ.

ನೀವು ಕೇಳದ ಎರಡು ಸಂಗತಿಗಳನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಇವು ಗುಳ್ಳೆಯಂತೆ ಕಣ್ಣಿಗೆ ಬೀಳುವುದಿಲ್ಲ. ಒಂದು, ಮೇಲೆ ಬಣ್ಣ ಬಳಿಯುವುದು. ಮಡಿಕೆಯಲ್ಲಿ ಬಣ್ಣ ಉದುರಿದ ಕಡೆಯಷ್ಟೇ, ಆ ಗೀರಿನಷ್ಟೇ ಜಾಗದಲ್ಲಿ ತುಂಬಿದರೆ ತಕರಾರಿಲ್ಲ. ಆದರೆ ಒಬ್ಬರು ನನ್ನ ಬಳಿ ತಂದ ಪೋಸ್ಟರ್‌ನಲ್ಲಿ ಮಡಿಕೆ ನಾಯಕಿಯ ಕೆನ್ನೆಯ ಮೇಲೆ ಹಾದುಹೋಗಿತ್ತು. ದುರಸ್ತಿ ಮಾಡಿದವರು ಗೀರು ಮುಚ್ಚಲು ಹೋಗಿ ಇಡೀ ಕೆನ್ನೆಗೆ, ಆಮೇಲೆ ಹೊಂದಿಸಲೆಂದು ಇನ್ನೊಂದು ಕೆನ್ನೆಗೂ, ಕಣ್ಣಿನ ಕೆಳಗೂ ಏರ್‌ಬ್ರಷ್ ಹೊಡೆದಿದ್ದರು. ಮೂಲ ಕಲಾವಿದ ಗುಲಾಬಿ, ಹಸಿರು, ಹಳದಿಯ ದಪ್ಪ ಕುಂಚದ ಗೆರೆಗಳಲ್ಲಿ ಕಟ್ಟಿದ್ದ ಮುಖ ಅದು. ಈಗ ನುಣುಪಾದ ಗೊಂಬೆ ಮುಖವಾಗಿತ್ತು. ಕತ್ತಲ ಕೋಣೆಯಲ್ಲಿ ಅಲ್ಟ್ರಾವೈಲೆಟ್ ಟಾರ್ಚ್ ಬಿಟ್ಟೊಡನೆ ಹಳೆಯ ಶಾಯಿಯೂ ಹೊಸ ಬಣ್ಣವೂ ಬೇರೆ ಬೇರೆಯಾಗಿ ಕಂಡವು. ಗೀರು ಒಂದು ಎಳೆಯಷ್ಟಿತ್ತು, ಬಣ್ಣ ಅಂಗೈಯಗಲ ಹರಡಿತ್ತು. ನಿಮ್ಮ ಪೋಸ್ಟರನ್ನೂ ಹೀಗೆ ಒಮ್ಮೆ ನೋಡಿ. ಕಾಗದದ ತುಂಡು ಜೋಡಿಸಿದ್ದರೆ ಅದೂ ಅನೇಕ ಸಲ ನೀಲಿಬಿಳುಪಾಗಿ ಹೊಳೆದು ತಿಳಿಯುತ್ತದೆ.

ಎರಡನೆಯದು, ಅಂಚು ಕತ್ತರಿಸುವುದು. ಹರಿದ ಅಂಚನ್ನು ನೇರ ಮಾಡಲು ಹೋಗಿ ಕೆಳಗಿನ ಕಾಲು ಅಂಗುಲ ತೆಗೆದುಬಿಡುತ್ತಾರೆ. ಅಲ್ಲೇ ಸಣ್ಣ ಅಕ್ಷರದಲ್ಲಿ ಮುದ್ರಣಾಲಯದ ಹೆಸರು, ಊರು ಇರುವುದು. 1867ರ ಮುದ್ರಣ ಕಾಯ್ದೆಯ ಪ್ರಕಾರ ಅಚ್ಚಾದ ಪ್ರತಿ ಕಾಗದದ ಮೇಲೂ ಮುದ್ರಕನ ಹೆಸರು ಮತ್ತು ಸ್ಥಳ ಇರಬೇಕಿತ್ತು. ಪೋಸ್ಟರ್ ಮೊದಲ ಬಿಡುಗಡೆಯದೋ ಮರುಬಿಡುಗಡೆಯದೋ, ಎಲ್ಲಿ ಅಚ್ಚಾಯಿತು ಎಂಬುದಕ್ಕೆಲ್ಲ ನಮಗಿರುವ ಮುಖ್ಯ ಆಧಾರ ಆ ಸಾಲು. ಕಲಾವಿದನ ಸಹಿಯೂ ಎಷ್ಟೋ ಸಲ ಅಂಚಿನ ಬಳಿಯೇ ಇರುತ್ತದೆ. ಬಟ್ಟೆ ಹಚ್ಚಿದ ಮೇಲೆ, ಅದನ್ನು ಬಿಡಿಸುವವರೆಗೆ ಹಿಂಬದಿಯಂತೂ ಮರೆಯಾಗುತ್ತದೆ. ಪೆನ್ಸಿಲ್ ಲೆಕ್ಕ, ಹಂಚಿಕೆದಾರರ ಮುದ್ರೆ, ಕಾಗದದ ವಯಸ್ಸು ಹೇಳುವ ಬಣ್ಣ, ಯಾವುದೂ ಕಾಣುವುದಿಲ್ಲ. ಖೋಟಾ ಪೋಸ್ಟರ್‌ಗಳಿಗೆ ಇದು ಅನುಕೂಲ. 2009ರಲ್ಲಿ ಅಮೆರಿಕದಲ್ಲಿ ಯೂನಿವರ್ಸಲ್ ಸಂಸ್ಥೆಯ ಹಳೆಯ ಭಯಾನಕ ಚಿತ್ರಗಳ ನಕಲಿ ಪೋಸ್ಟರ್‌ಗಳ ಹಗರಣ ಬಯಲಾದ ಮೇಲೆ, ಅಲ್ಲಿನ ಸಂಗ್ರಾಹಕರು ಹಿಂಬದಿ ಕಾಣದ ಹಾಳೆಯನ್ನು ಅನುಮಾನದಿಂದ ನೋಡತೊಡಗಿದರು. ಮಾರುವ ಯೋಚನೆ ನಿಮಗೆ ಇರಲಿ ಬಿಡಲಿ, ಮುಟ್ಟದ ಹಾಳೆಗೆ ಬೇರೆಯೇ ಬೆಲೆ.

ಉಳಿದವನ್ನು ಏನು ಮಾಡಬೇಕು? ಮೊದಲು ಪ್ರತಿ ಹಾಳೆಯ ಎರಡೂ ಬದಿಯ ಫೋಟೋ ತೆಗೆಯಿರಿ. ಅಂಚು, ಮುದ್ರೆ, ಸಹಿಗಳನ್ನು ಹತ್ತಿರದಿಂದ ತೆಗೆಯಿರಿ. ಮಡಿಕೆ ಗರಿಗರಿಯಾಗಿದ್ದರೆ ಬಲವಂತವಾಗಿ ಬಿಡಿಸಬೇಡಿ. ಸೆಲ್ಲೋಟೇಪ್ ಹತ್ತಿದ್ದರೆ ಕೀಳಬೇಡಿ, ಹೊಸದಾಗಿ ಹಾಕಲೂಬೇಡಿ. ಪ್ಲಾಸ್ಟಿಕ್ ಲ್ಯಾಮಿನೇಷನ್ ಮಾಡಿಕೊಡುತ್ತೇವೆ ಎನ್ನುವ ಅಂಗಡಿಗೆ ಕಾಲಿಡಬೇಡಿ. ಬಿಸಿಯಲ್ಲಿ ಕರಗಿ ಹಿಡಿದ ಆ ಹಾಳೆಯನ್ನು ಬಿಡಿಸಿ ಪೋಸ್ಟರನ್ನು ಉಳಿಸುವುದು ಹೆಚ್ಚುಕಡಿಮೆ ಅಸಾಧ್ಯ. ಗಟ್ಟಿಯಿರುವ ಪೋಸ್ಟರ್‌ಗಳಿಗೆ ದುರಸ್ತಿಯೇ ಬೇಡ. ಆಮ್ಲರಹಿತ ಕಾಗದದ ನಡುವೆ ಚಪ್ಪಟೆಯಾಗಿ, ಅಥವಾ ಪಾಲಿಯೆಸ್ಟರ್ ಹೊದಿಕೆಯಲ್ಲಿ ಇಡಿ. ಪಿವಿಸಿ ಪ್ಲಾಸ್ಟಿಕ್ಕಿನ ಹೊದಿಕೆ ಬೇಡ. ಹರಿದವುಗಳಿಗೆ ಹರಿದಷ್ಟೇ ಜಾಗಕ್ಕೆ ಜಪಾನಿ ತೆಳುಕಾಗದದ ಪಟ್ಟಿ ಹಚ್ಚಿದರೆ ಬಹಳಷ್ಟು ಸಲ ಸಾಕು. ತುಂಡುತುಂಡಾಗಿ ಎತ್ತಲೂ ಬಾರದ ಸ್ಥಿತಿಯಲ್ಲಿರುವವಕ್ಕೆ ಮಾತ್ರ ಪೂರ್ತಿ ಬೆನ್ನಾಸರೆ ಬೇಕು, ಅದೂ ಮೊದಲ ಆಯ್ಕೆಯಾಗಿ ಜಪಾನಿ ಕಾಗದದ್ದು. ನಮ್ಮ ಹವೆಗೆ ಅದು ಕ್ಯಾನ್ವಾಸಿಗಿಂತ ಎಷ್ಟೋ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇದನ್ನು ಒಪ್ಪದ ಸಹೋದ್ಯೋಗಿಗಳೂ ಇದ್ದಾರೆ.

ಕೆಲಸ ಕೊಡುವ ಮುನ್ನ ಬಾಯಿಮಾತಿನಲ್ಲಿ ಬಿಡದೆ ಬರೆಸಿಕೊಳ್ಳಿ: ಯಾವ ಅಂಟು, ಮುಂದೆ ಅದನ್ನು ಹೇಗೆ ಬಿಡಿಸುವುದು, ಬ್ಲೀಚ್ ಇದೆಯೇ, ಎಷ್ಟು ಜಾಗಕ್ಕೆ ಬಣ್ಣ ತುಂಬುತ್ತಾರೆ, ಅಂಚು ಮುಟ್ಟುವುದಿಲ್ಲ ತಾನೇ. ಇದೆಲ್ಲ ನಮ್ಮ ಗುಟ್ಟು ಎನ್ನುವವರಿಂದ ಪೋಸ್ಟರ್ ವಾಪಸ್ ತಂದುಬಿಡಿ. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನ ಜೊತೆಗೂಡಿ, ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ ಕಟ್ಟಿದ ಕಲಾ ಸಂರಕ್ಷಣಾ ಕೇಂದ್ರದಲ್ಲಿ ವಿಚಾರಿಸಿ. ಕಾಗದ ಬಲ್ಲವರ ಮಾತು ಹೇಗಿರುತ್ತದೆಂಬುದು ಒಂದು ಭೇಟಿಯಲ್ಲೇ ನಿಮಗೆ ತಿಳಿಯುತ್ತದೆ.

ಬಟ್ಟೆ ಹಚ್ಚಿಸಿದ ಪೋಸ್ಟರನ್ನು ಅಲ್ಲಿಯವರೆಗೆ ಸುರುಳಿ ಸುತ್ತದೆ, ಹೊರಗೋಡೆಗೆ ನೇತುಹಾಕದೆ, ಒಣಗಿದ ಕೋಣೆಯಲ್ಲಿ ಮಟ್ಟಸವಾಗಿ ಮಲಗಿಸಿಡಿ. ಅಯೋಡಿನ್ ಹಾಕಿದಾಗ ಯಾವ ಬಣ್ಣ ಬಂತು ಎಂಬುದನ್ನೂ, ಗುಳ್ಳೆಯ ಮೇಲೆ ಪಕ್ಕದಿಂದ ಬೆಳಕು ಬಿಟ್ಟು ತೆಗೆದ ಒಂದು ಫೋಟೋವನ್ನೂ ಇಲ್ಲೇ ಹಾಕಿ. ಬಿಡಿಸಬಹುದಾದ ಅಂಟೋ ಅಲ್ಲವೋ ಎಂಬುದನ್ನು ನೋಡಿ ಹೇಳುತ್ತೇನೆ.